ಹಗುರಾದ ಕರಡಿಗೆ

ಕೋಟೆ ನೋಡಲು ಹೋಗೋಣ ಎಂದವಳು ನನ್ನ ಮಗಳು ಅಂಕಿತಾ. ಬೇಡ ಎಂದವರು ಮಾವ ಒಬ್ಬರೇ. ನಮ್ಮ ಮನೆಯಲ್ಲಿ ಮಾವ ಬೇಡ ಎಂದದ್ದು ನಡೆಯುವುದು ಅಪರೂಪ, ಆದರೂ ಆ ಸಲ ನಡೆಯಿತು. ಯಾಕೆಂದರೆ ಅತ್ತೆ ಬಾಯಿ ಹಾಕಿದರು.

"ಹುಟ್ಟಿದಾಗಿಂದ ಊರ ಕೆರಿ ನೋಡೇನಿ, ವರದಾ ಹೊಳಿ ನೋಡೇನಿ. ಕಣ್ಣ ಮುಚ್ಚೂದರಾಗ ಒಮ್ಮೆ ಸಮುದ್ರ ನೋಡ್ತೇನಿ," ಎಂದರು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ನೀರು ನೋಡಾಕ ಕುಮಟಾ ಮಟಾ ಹೋಗಬೇಕೇನು?" ಎಂದರು ಮಾವ.

"ನೀರಷ್ಟ ಅಲ್ಲ ಅಜ್ಜ. ಅಲ್ಲಿ ಕಡಲ ದಂಡಿಗೆ ಹಳೇ ಕೋಟಿ ಐತಿ, ಬಾಜೂಕ ಲೈಟ್‌ಹೌಸ್ ಐತಿ. ಕಾಲೇಜಿನ್ಯಾಗ ಅದರ ಬಗ್ಗೆ ಬರದು ಕೊಡಬೇಕು."

"ಊಟ?" ಎಂದರು ಮಾವ.

ನಮ್ಮ ಮನೆಯಲ್ಲಿ ಯಾವ ಪ್ರಯಾಣವೂ ಈ ಒಂದು ಮಾತನ್ನು ದಾಟಿಯೇ ಹೊರಡಬೇಕು. ನಮ್ಮ ಮಾವ ಕರಬಸಪ್ಪನವರು ಕೊರಳಲ್ಲಿ ಲಿಂಗವಿಲ್ಲದವರ ಕೈಯ ಅನ್ನ ಉಣ್ಣುವುದಿಲ್ಲ, ಹೋಟೆಲಿನ ಚಹಾ ಸಹ ಕುಡಿಯುವುದಿಲ್ಲ. ಉಣ್ಣುವ ಮೊದಲು ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎಡೆ ತೋರಿಸುತ್ತಾರೆ. ಆಮೇಲೆ ಅದು ಅನ್ನವಲ್ಲ, ಪ್ರಸಾದ. ಪ್ರಸಾದವೆಂದಮೇಲೆ ಗಂಗಾಳದಲ್ಲಿ ಒಂದು ಅಗುಳೂ ಉಳಿಯಬಾರದು. ಮಾವ ಗಂಗಾಳವನ್ನು ಬೆರಳಿನಿಂದ ಬಳಿದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾರೆ. ಅವರ ಗಂಗಾಳ ತಿಕ್ಕುವುದು ನನಗೆ ಎಂದೂ ಕೆಲಸ ಅನ್ನಿಸಿಲ್ಲ.

ಕೆಲಸ ಅನ್ನಿಸಿದ್ದು ಬೇರೆ. ನಮ್ಮದು ಹಿಟ್ಟಿನ ಗಿರಣಿ. ನಾನು ಈ ಮನೆಗೆ ಬಂದ ಹೊಸತರಲ್ಲಿ ಒಮ್ಮೆ ಬಗ್ಗಿ ಹಿಟ್ಟು ತುಂಬುವಾಗ ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಗಿರಣಿಯ ಪಟ್ಟಾಕ್ಕೆ ಸಿಕ್ಕಿತು. ನಮ್ಮವರು, ಅಂದರೆ ಮಾಲತೇಶ, ಓಡಿ ಬಂದು ದಾರ ಕೊಯ್ಯದಿದ್ದರೆ ನಾನು ಈ ಕಥೆ ಹೇಳಲು ಇರುತ್ತಿರಲಿಲ್ಲ. ಅಂದೇ ಲಿಂಗವನ್ನು ಮಡಿ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟೆ. ಅಂದೇ ಮಾವ ನನ್ನ ಕೈಯ ಅನ್ನ ಬಿಟ್ಟರು. ಅಂದಿನಿಂದ ನಾನು ಕಾಯಿಪಲ್ಯ ಹೆಚ್ಚಬಹುದು, ಹಿಟ್ಟು ಸಾಣಿಸಬಹುದು, ಮುಸುರಿ ತಿಕ್ಕಬಹುದು. ಒಲೆ ಮುಂದೆ ಕೂತು ಮಾವನಿಗೆ ಬೇಯಿಸಿ ನೀಡುವವರು ಅತ್ತೆ ಹೊನ್ನವ್ವನೇ. ನೀಡುತ್ತ ನೀಡುತ್ತ ನನಗೊಂದು ಮಾತು: "ನಾ ಇರೂತನಕ ನಡಿತೈತಿ. ನಾ ಹೋದಮ್ಯಾಲ ಈ ಖಾಲಿ ಕೊರಳಿನಾಕಿ ಏನ್ ಮಾಡ್ತಾಳ ನೋಡೂಣು." ನನಗೂ ಬಾಯಿ ಇದೆ, ನಾನೂ ಸುಮ್ಮನೆ ಬಿಟ್ಟವಳಲ್ಲ. ಅತ್ತೆ ಸೊಸೆಯ ಜಗಳ ನಮ್ಮ ಓಣಿಗೆ ಗಡಿಯಾರವಿದ್ದ ಹಾಗೆ. ಅದು ಶುರುವಾಯಿತೆಂದರೆ ಮುಂಜಾನೆ ರೊಟ್ಟಿ ಶುರುವಾದವು ಎಂದು ತಿಳಿಯುತ್ತಿದ್ದರು.

ಅಂತೂ ಬುತ್ತಿ ಕಟ್ಟಿದ್ದಾಯಿತು. ಮಾವನದು ಬೇರೆ ಗಂಟು, ನಮ್ಮದು ಬೇರೆ. ಸವಣೂರಿನ ಮುನಾಫ ತನ್ನ ಗಾಡಿ ತಂದ. ಬಂಕಾಪುರ, ಹಾನಗಲ್ಲ ದಾಟಿ ಶಿರಸಿ ಮುಟ್ಟುವಾಗ ಬಿಸಿಲು ಬಿದ್ದಿತ್ತು. ಮಾವ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಬುತ್ತಿ ಉಂಡು, ಗಂಗಾಳ ತೊಳೆದ ನೀರು ಕುಡಿದರು. ಅತ್ತೆ ಉಣ್ಣಲಿಲ್ಲ.

"ಇವತ್ತಿನ ಪೂಜಿ ಅಲ್ಲೇ ಮಾಡಾಕಿ. ಎಲ್ಲಾ ಹೊಳಿ ಬಂದು ಕೂಡೂ ನೀರಂತ ಅದು. ಪೂಜಿ ಆದಮ್ಯಾಲ ಉಣ್ತೇನಿ," ಎಂದರು. ಮುಖದಲ್ಲಿ ಹಬ್ಬದ ಕಳೆ ಇತ್ತು.

ಕೋಟೆ ದೂರದಿಂದ ಚೆಂದ. ಹತ್ತಿರ ಹೋದರೆ ಕೆಂಪು ಚಿರೆಕಲ್ಲಿನ ಗೋಡೆಗೆಲ್ಲ ಕರಿ ಪಾಚಿ, ಒಳಗೆ ಚಾವಣಿಯಿಲ್ಲ, ಮನೆಯಿಲ್ಲ, ಕಬ್ಬಿಣದ ಜಾಳಿಗೆ ಹಾಕಿದ ಒಂದು ಬಾವಿ. ಅಂಕಿತಾ ಬಾವಿಯಲ್ಲಿ ಬಗ್ಗಿ ಕೂಗಿದಳು. ಕೂಗು ತಿರುಗಿ ಬರಲು ತಡವಾಯಿತು. ನಾನು ಅವಳ ಜುಟ್ಟು ಹಿಡಿದು ಹಿಂದಕ್ಕೆ ಎಳೆದೆ.

"ಯಾರೋ ಬಿಟ್ಟು ಹೋದ ಮನಿ. ಇದನ್ನ ನೋಡಾಕ ಇಷ್ಟ ದೂರ ಬಂದ್ವಿ," ಎಂದು ಮಾವ ಬಾಗಿಲ ಕಮಾನಿನ ನೆರಳಲ್ಲಿ ಟಾವೆಲ್ ಹಾಸಿ ಅಡ್ಡಾದರು. ಅಂಕಿತಾ ಅಪ್ಪನನ್ನು ಕರೆದುಕೊಂಡು ಲೈಟ್‌ಹೌಸ್ ಹತ್ತಲು ಹೋದಳು. ಅತ್ತೆ ತಂಬಿಗೆ ಹಿಡಿದು ಕೋಟೆಯ ಹಿಂದಿನ ಮಳಲಿಗೆ ಇಳಿದರು. ಮುನಾಫ ಅವರ ಬೆನ್ನು ಹತ್ತಿ ಸ್ವಲ್ಪ ದೂರ ಹೋದ. ನಾನು ಮುರಿದ ಗೋಡೆಯ ಮೇಲೆ ನಿಂತು ನೋಡುತ್ತಿದ್ದೆ.

ವರದಾ ಹೊಳೆಯಲ್ಲಿ ಅತ್ತೆ ಪೂಜೆ ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ನೀರು, ಕಣ್ಣು ಮುಚ್ಚಿರುತ್ತದೆ. ಹೊಳೆಯ ನೀರು ಒಂದೇ ಕಡೆಯಿಂದ ಬರುತ್ತದೆ, ಬಂದ ದಾರಿಯಲ್ಲೇ ಹೋಗುತ್ತದೆ, ಯಾರಿಗೂ ಮೋಸ ಮಾಡುವುದಿಲ್ಲ. ಇಲ್ಲಿ ಮೂಡಣಕ್ಕೆ ಮುಖ ಮಾಡಿದರೆ ಬೆನ್ನು ಸಮುದ್ರಕ್ಕೆ.

"ಅವ್ವಾರ, ನೀರಿಗೆ ಬೆನ್ನ ಮಾಡಿ ನಿಂದ್ರಬ್ಯಾಡ್ರಿ. ಇದು ಹೊಳಿ ಅಲ್ರಿ," ಎಂದು ಮುನಾಫ ಕೂಗಿದ್ದು ನನಗೂ ಕೇಳಿಸಿತು.

"ಪಡವಣಕ್ಕ ಮುಖ ಮಾಡಿ ಯಾರರ ಪೂಜಿ ಮಾಡ್ತಾರೇನಪಾ? ನೀ ಆ ಕಡೆ ನಡಿ," ಎಂದರು ಅತ್ತೆ. ಅವನು ಪಾಪ, ಹೆಂಗಸರು ಪೂಜೆಗೆ ನಿಂತಿದ್ದಾರೆಂದು ಮುಖ ತಿರುಗಿಸಿ ಗಾಡಿಯ ಕಡೆ ನಡೆದ.

ತೆರೆ ಬಂದದ್ದನ್ನು ನೋಡಿದವಳು ನಾನೊಬ್ಬಳೇ. ದೊಡ್ಡದೇನಲ್ಲ, ಅಂಥವು ಎಷ್ಟೋ ಬಂದು ಹೋಗಿದ್ದವು. ಇದು ಅತ್ತೆಯ ಮೊಣಕಾಲ ಹಿಂದೆ ಹೊಡೆಯಿತು. ಅವರು ಮುಂದಕ್ಕೆ ಮುಗ್ಗರಿಸಿ ಎರಡೂ ಕೈ ನೆಲಕ್ಕೆ ಊರಿದರು. ಬಿದ್ದವರು ಯಾರಾದರೂ ಮಾಡುವುದು ಅದನ್ನೇ. ನಾನು ಇಳಿದು ಓಡುವಷ್ಟರಲ್ಲಿ ಅವರು ಎದ್ದು ಕೂತು ಎಡಗೈ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಮಳಲಿತ್ತು.

ಇಬ್ಬರೂ ಹುಡುಕಿದೆವು. ಲಿಂಗ ಕರಿಯದು, ನೇರಳೆ ಹಣ್ಣಿನಷ್ಟು. ಆ ದಂಡೆಯ ತುಂಬ ತೆರೆ ನುಣ್ಣಗೆ ಮಾಡಿದ ಕರಿ ಕಲ್ಲುಗಳು. ಅತ್ತೆ ಒಂದೊಂದನ್ನೇ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತೂಕ ನೋಡಿ, ಕೆಳಗೆ ಹಾಕಿದರು. ಸೆರಗು, ಕುಪ್ಪಸ, ನಿರಿಗೆ ಎಲ್ಲ ಝಾಡಿಸಿದೆವು. ತೆರೆ ಬರುತ್ತಿತ್ತು, ಕಲ್ಲುಗಳನ್ನು ಕಲಸಿ ಹೋಗುತ್ತಿತ್ತು.

"ಮಾವಾರನ್ನ ಕರೀತೇನಿ," ಎಂದು ಎದ್ದೆ.

ಅತ್ತೆ ನನ್ನ ಕೈ ಹಿಡಿದರು. ಅಷ್ಟು ಬಿಗಿಯಾಗಿ ಅವರು ನನ್ನನ್ನು ಎಂದೂ ಹಿಡಿದಿರಲಿಲ್ಲ. "ಅವರಿಗೆ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ. ನಿನ್ನ ಮುಂದ ತಲಿ ತಗ್ಗಿಸೇನಿ, ಅಷ್ಟ ಸಾಕು. ಅಂಕಿತಾನ ಮ್ಯಾಲ ಆಣಿ ಮಾಡು."

"ಮಗಳ ಮ್ಯಾಲ ಯಾಕ್ರಿ, ಬ್ಯಾರೆ ಯಾರೂ ಸಿಗಲಿಲ್ಲೇನು?"

"ಬ್ಯಾರೆ ಆಣಿ ನೀ ಮುರೀತಿ," ಎಂದರು.

ಆಣೆ ಮಾಡಿದೆ. ಅವರು ಖಾಲಿ ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡರು. ಹೊರಡುವಾಗ ಕತ್ತಲಾಗುತ್ತಿತ್ತು, ಲೈಟ್‌ಹೌಸಿನ ದೀಪ ಹತ್ತಿ ತಿರುಗಲು ಶುರುವಾಗಿತ್ತು. ಬೆಳಕು ನೀರಿನ ಮೇಲೆ ಹಾಯ್ದು, ದಂಡೆಯ ಮೇಲೆ ಹಾಯ್ದು, ಮತ್ತೆ ನೀರಿಗೆ ಹೋಗುತ್ತಿತ್ತು. ಅಂಕಿತಾ ಅಜ್ಜಿಗೆ ಬುತ್ತಿ ಬಿಚ್ಚಿ ಕೊಟ್ಟಳು. ಅತ್ತೆ ಹೊಟ್ಟೆ ತೊಳೆಸುತ್ತದೆ ಎಂದು ಗಂಟು ಕಟ್ಟಿಟ್ಟು, ಹಿಂದಿನ ಗಾಜಿನಿಂದ ನೋಡುತ್ತ ಕೂತರು.

"ಆ ದೀಪ ಏನ್ ಹುಡುಕತೈತಬೇ?" ಎಂದು ಮೊಮ್ಮಗಳನ್ನು ಕೇಳಿದರು.

"ಹುಡುಕೂದಲ್ಲಜ್ಜಿ, ಅದು ಹಡಗಿಗೆ ದಾರಿ ತೋರ್ಸೂದು," ಎಂದಳು ಅಂಕಿತಾ.

ಊರಿಗೆ ಬಂದ ಮೇಲೆ ಒಂದೆರಡು ದಿನ ಯಾರಿಗೂ ಏನೂ ಅನ್ನಿಸಲಿಲ್ಲ. ಅತ್ತೆ ಎಂದಿನಂತೆ ಎದ್ದರು, ಸ್ನಾನ ಮಾಡಿದರು, ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮೊದಲು ಆ ಬಾಗಿಲು ತೆರೆದೇ ಇರುತ್ತಿತ್ತು. ಮಾವನಿಗೆ ರೊಟ್ಟಿ ಬಡಿದರು, ನೀಡಿದರು. ಆಮೇಲೆ ತಮ್ಮ ಗಂಗಾಳಕ್ಕೆ ಹಾಕಿಕೊಂಡು, "ಇಲ್ಲೆ ಶಕಿ ಭಾಳ, ಹಿತ್ತಲದಾಗ ಉಣ್ತೇನಿ," ಎಂದು ಹೊರಟರು. ಹಿತ್ತಲಲ್ಲಿ ನಮ್ಮ ಆಕಳ ಕರು ಇದೆ, ಅದರ ಮುಂದೆ ಕಲ್ಲಿನ ಬಾನಿ ಇದೆ. ನಾನು ಮುಸುರಿ ಚೆಲ್ಲಲು ಹೋದಾಗ ಬಾನಿಯಲ್ಲಿ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಅನ್ನ ಇತ್ತು. ಕರು ಮುಖ ಎತ್ತದೆ ತಿನ್ನುತ್ತಿತ್ತು. ಅತ್ತೆ ಗೋಡೆಗೆ ಒರಗಿ ಮಜ್ಜಿಗೆ ನೀರು ಕುಡಿಯುತ್ತಿದ್ದರು.

"ಇದೇನ್ರಿ ಅತ್ತಿ?"

"ಲಿಂಗಕ್ಕ ತೋರಿಸಲಾರದ್ದು ನಾ ಹೆಂಗ ಉಣ್ಲಿ? ಯಾವಾಗಾರ ಉಂಡೇನೇನು? ನೀ ನಿನ್ನ ಕೆಲಸ ನೋಡು."

"ಮಠಕ್ಕ ಹೋಗೂಣ್ರಿ. ಕಳದೈತಿ ಅಂದ್ರ ಅಯ್ಯಾರು ಬ್ಯಾರೆ ಕಟ್ತಾರ. ಎಷ್ಟ ಮಂದಿ ಕಟ್ಟಿಸಿಕೊಂಡಿಲ್ಲ?"

"ಸಣ್ಣಾಕಿ ಇದ್ದಾಗ ನಮ್ಮಪ್ಪ ಕಟ್ಟಿಸಿದ್ದು ಅದು. ಈ ವಯಸ್ಸಿನ್ಯಾಗ ಇನ್ನೊಂದ ಕಟ್ಟಿಸಿಕೊಂಡು ಉಡಿಕಿ ಆಗು ಅಂತಿಯೇನು?" ಎಂದರು. ಹಾಗೆಂದರೆ ಎರಡನೇ ಮದುವೆ. ಅವರ ಬಾಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ.

ವಾರ ಕಳೆಯಿತು, ಇನ್ನೊಂದು ವಾರ ಹೊರಳಿತು. ಬೇಡಿಕೊಂಡೆ, ಬೈದೆ, ಹಾಲಿನಲ್ಲಿ ರವೆ ಗಂಜಿ ಕದಡಿ ಕೊಟ್ಟೆ. ಮೂಸಿ ನೋಡಿ ತಂಬಿಗೆ ಸರಿಸಿದರು. ಅತ್ತೆಯ ಬಳೆಗಳು ಮೊಣಕೈ ತನಕ ಏರತೊಡಗಿದವು. ಕುಪ್ಪಸಕ್ಕೆ ನಾನು ಎರಡು ಸಲ ಒಳಹೊಲಿಗೆ ಹಾಕಿದೆ. ಜಗಳ ನಿಂತುಹೋಗಿತ್ತು. ಮುಂಜಾನೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ, ಅದೂ ಮೆಲ್ಲಗೆ. ಓಣಿಯ ಚೌಡವ್ವ ಗಿರಣಿಗೆ ಜೋಳ ತಂದವಳು ಎಲ್ಲರ ಮುಂದೆ ಕೇಳಿದಳು: "ಏನಬೇ ಸುಧಾರಾಣಿ, ನಿಮ್ಮತ್ತಿಗೆ ಉಣ್ಣಾಕ ನೀಡ್ತಿಯೋ ಇಲ್ಲೋ? ಬೆನ್ನಿಗೆ ಹೊಟ್ಟಿ ಹತ್ತೈತಿ ಮುದುಕಿದು." ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಮಾಡಿದೆ. ನಮ್ಮವರಿಗೆ ಕೇಳಿಸಿತ್ತು.

ಮಧ್ಯಾಹ್ನ ಊಟಕ್ಕೆ ಬಂದವರೇ ಶುರು ಮಾಡಿದರು. "ಅವ್ವಗ ಏನಾಗೈತಿ? ನೀ ಏನರ ಅಂದಿಯೇನು?"

"ನಾ ಏನೂ ಅಂದಿಲ್ಲ."

"ಅನ್ನಲಾರದ ದಿನಾ ಯಾವುದೈತಿ ನಿಂದು?"

ಮಾವ ಜಗಲಿಕಟ್ಟೆಯಿಂದಲೇ ಸೇರಿಸಿದರು: "ಕರು ನೋಡ್ರಿ, ಮೈಗೂಡೈತಿ. ಕರುವಿಗೆ ಹಾಕೂದು ಗೊತ್ತೈತಿ, ಅತ್ತಿಗೆ ಹಾಕೂದು ಗೊತ್ತಿಲ್ಲ." ನನ್ನ ನಾಲಿಗೆ ತುದಿಗೆ ಬಂದಿತ್ತು. ಅಂಕಿತಾ ಎದುರಿಗೇ ಕೂತು ಉಣ್ಣುತ್ತಿದ್ದಳು. ಅವಳ ತಲೆ ನೋಡಿದೆ, ಮಾತು ನುಂಗಿದೆ. ಎಂಥ ಆಣೆ ಹಾಕಿಸಿದ್ದರು ಮುದುಕಿ!

ಮರುದಿನ ಅತ್ತೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಬರೆದರು. ಅಲ್ಲಿ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮನೆಯಿಂದ ಹೊರಡುವಾಗಲೇ ದೇವರ ಜಗಲಿಯ ಮೇಲಿನ ನನ್ನ ಲಿಂಗವನ್ನು ಅದರ ಬಟ್ಟೆಯ ಸಮೇತ ಪರ್ಸಿನಲ್ಲಿಟ್ಟುಕೊಂಡಿದ್ದೆ.

"ಅಜ್ಜಿ, ಕೊರಳಾಗಿಂದು ಎಲ್ಲಾ ತಗದು ಹೊರಗ ಕೊಡ್ರಿ," ಎಂದಳು ಸ್ಕ್ಯಾನಿನ ಹುಡುಗಿ.

ಅತ್ತೆ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡರು. ನಾನು ಬೆರಳು ಬಿಡಿಸಿ ತೆಗೆದುಕೊಂಡೆ. ಅಷ್ಟು ಬೆಳ್ಳಿ ಇದ್ದೂ ಕೈಗೆ ಏನೂ ತೂಕ ಹತ್ತಲಿಲ್ಲ.

"ತಾ ಇಲ್ಲಿ, ನನ್ನ ಕಡೆ ಇರ್ಲಿ," ಎಂದು ನಮ್ಮವರು ಕೈ ಚಾಚಿದರು.

"ಈಗರ ಚಪ್ಪಲಿ ಮುಟ್ಟಿದ್ರಿ. ಮೊದಲ ಕೈ ತೊಳಕೊಂಡು ಬರ್ರಿ," ಎಂದೆ.

ಅವರು ನಳ ಹುಡುಕಿಕೊಂಡು ಹೋದರು. ಗೋಡೆಗೆ ಮುಖ ಮಾಡಿ ಕರಡಿಗೆ ಬಿಚ್ಚಿದೆ. ಒಳಗೆ ಒಂದು ಚಿಟಿಕೆ ಸಮುದ್ರದ ಮಳಲು. ಅದನ್ನು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಅದರ ಮೇಲೆಯೇ ನನ್ನ ಲಿಂಗ ಇಟ್ಟು ಮುಚ್ಚಿದೆ. ಹೊರಗೆ ಬಂದ ಅತ್ತೆಯ ಕೊರಳಿಗೆ ನಾನೇ ಹಾಕಿದೆ. ತೂಕ ಎದೆಗೆ ತಾಗಿದ ಕೂಡಲೇ ಅವರು ನನ್ನ ಮುಖ ನೋಡಿದರು. ಗಾಡಿಯಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದರು. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದರು ಡಾಕ್ಟರು. ಚೆನ್ನಾಗಿ ಉಣ್ಣಲಿ ಎಂದರು.

ನಾಳೆಯಿಂದ ಉಣ್ಣುತ್ತಾರೆಂದು ನನಗೂ ಅನ್ನಿಸಿತ್ತು. ಮುಂಜಾನೆ ದೇವರ ಜಗಲಿ ಒರೆಸಲು ಹೋದರೆ ನನ್ನ ಲಿಂಗ ಅದೇ ಬಟ್ಟೆಯಲ್ಲಿ, ಅದೇ ಜಾಗದಲ್ಲಿ ಇತ್ತು.

ಅತ್ತೆ ಒಲೆಯ ಮುಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ನಿನ್ನ ಮನಸ್ಸು ನನಗ ಗೊತ್ತಾತು. ಇಷ್ಟ ದಿನಾ ನಿನಗ ಅಂದದ್ದೆಲ್ಲ ನನಗ ತಿರುಗಿ ಹತ್ತೈತಿ. ಆದ್ರ ನಿಂದು ನಿನಗ. ಒಬ್ಬರದ ಇನ್ನೊಬ್ಬರು ಕಟ್ಟಿಕೊಳ್ಳೂದಲ್ಲ ಅದು."

"ಹಂಗಾರ ಸಾಯ್ತಿರೇನು?"

"ಒಲಿ ಆರಾಕತ್ತೈತಿ, ಊದು," ಎಂದರು.

ಅತ್ತೆಯ ಸ್ಥಿತಿ ನೋಡಿ ಮಾವ ಬೇರೆಯೇ ಒಂದು ನಿರ್ಧಾರ ಮಾಡಿದರು. "ಹುಡುಗಿಗೆ ಲಿಂಗಧಾರಣೆ ಆಗಿಲ್ಲ. ಆಕಿ ಕಣ್ಣ ಮುಂದ ಆಗಿಬಿಡ್ಲಿ," ಎಂದರು. ಆಕೆ ಎಂದರೆ ಅತ್ತೆ. ಸೋಮವಾರ ಮಠದ ಅಯ್ಯನವರು ಬಂದರು. ಅಂಕಿತಾ ತಲೆ ಮೇಲೆ ಸೆರಗು ಹೊದ್ದು ಕೂತು, ಲಿಂಗ ಕಟ್ಟಿಸಿಕೊಂಡಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದರು.

ಊಟಕ್ಕೆ ಗೋದಿ ಹುಗ್ಗಿ. ನಸುಕಿನಿಂದ ಒಲೆ ಮುಂದೆ ಕೂತು ಅತ್ತೆಯೇ ತಿರುವಿದ್ದರು, ನನಗೆ ಮುಟ್ಟಗೊಡಲಿಲ್ಲ. ಅಯ್ಯನವರು, ಮಾವ, ನಮ್ಮವರು ಸಾಲಾಗಿ ಕೂತರು. ಎಡೆ ತೋರಿಸಿದರು, ಉಣ್ಣತೊಡಗಿದರು. ಅತ್ತೆ ತುಪ್ಪದ ಗಿಂಡಿ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ವಾಲಿದರು. ಕೊರಳಿನ ಕರಡಿಗೆ ತೂಗಾಡಿ ಹಿತ್ತಾಳೆ ಗಿಂಡಿಗೆ ಬಡಿಯಿತು. ಖಾಲಿ ಡಬ್ಬಿಯ ಸದ್ದು.

ನಾನು ಓಡಿ ಹಿಡಿದೆ. ಹಿಡಿದ ಕೈಗೆ ಬರೀ ಎಲುಬು. ಎದುರಿಗೆ ಅಂಕಿತಾ ಹೊಸ ದಾರ ಕಟ್ಟಿಕೊಂಡು ಕೂತಿದ್ದಳು. ನನ್ನ ಮಗಳ ತಲೆಯ ಮೇಲೆ ನಾನು ಮಾಡಿದ ಆಣೆ ನನಗೆ ನೆನಪಿತ್ತು. ದೇವರು ಇದ್ದರೆ, ಅದನ್ನು ಯಾಕೆ ಮುರಿಯುತ್ತಿದ್ದೇನೆಂದು ಅವನಿಗಾದರೂ ತಿಳಿಯಲಿ ಅಂದುಕೊಂಡೆ.

"ಮಾವಾರ, ಅತ್ತ್ಯಾರ ಕರಡಿಗಿ ಖಾಲಿ ಐತ್ರಿ," ಎಂದೆ.

ಮಾವನ ತುತ್ತು ಬಾಯಿಯ ಹತ್ತಿರ ನಿಂತಿತು. "ಏನಂದಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. ತಾವೇ ಕೂತು, ಕರಡಿಗೆ ತೆಗೆದು, ಮಾವನ ಮುಂದೆ ಬಿಚ್ಚಿ ಹಿಡಿದರು. ಚಿಟಿಕೆ ಮಳಲು ನೆಲಕ್ಕೆ ಉದುರಿತು. "ಸಮುದ್ರದಾಗ ಹೋತ್ರಿ," ಎಂದರು.

"ಅಂದಿನಿಂದ ನನಗ ನೀಡಿದ್ದೆಲ್ಲ ಈ ಕೈಲೇನು?" ಎಂದು ಕೇಳಿದರು ಮಾವ.

ಮೊದಲ ಪ್ರಶ್ನೆ ಅದು. ಮಲಗಿದರೆ ಏಳುತ್ತಾಳೋ ಇಲ್ಲವೋ ಎಂಬಂತಾದ ಹೆಂಡತಿಗೆ ಕೇಳಿದ ಮೊದಲ ಪ್ರಶ್ನೆ.

"ಹೌದ್ರಿ. ನಿಮಗ ನೀಡಿದ್ದು ನಂದು ತಪ್ಪಾತು," ಎಂದರು ಅತ್ತೆ. "ಆದ್ರ ನಾ ಉಂಡಿಲ್ರಿ. ಅಂದಿನಿಂದ ಒಂದ ತುತ್ತೂ ಉಂಡಿಲ್ಲ."

"ಅವ್ವಾ," ಎಂದು ನಮ್ಮವರು ಅರ್ಧ ಎದ್ದರು.

ಮಾವ ತುತ್ತನ್ನು ಗಂಗಾಳಕ್ಕೆ ಹಾಕಿ, ಗಂಗಾಳವನ್ನು ಮುಂದಕ್ಕೆ ಸರಿಸಿದರು. ನಾನು ಈ ಮನೆಗೆ ಬಂದಾಗಿನಿಂದ ಅವರ ಗಂಗಾಳದಲ್ಲಿ ಅನ್ನ ಉಳಿದದ್ದನ್ನು ಕಂಡಿರಲಿಲ್ಲ.

"ಕರಬಸಪ್ಪಾ, ಎಡಿ ತೋರಿಸಿದ್ದು ಅದು. ಬಿಟ್ಟು ಏಳಬಾರದು," ಎಂದರು ಅಯ್ಯನವರು.

"ಆಕಿ ಕೈದು."

"ಕೈ ಯಾರದರ ಇರ್ಲಿ. ಲಿಂಗಕ್ಕ ತೋರಿಸಿದಮ್ಯಾಲ ಪ್ರಸಾದ. ನನಕಿಂತ ನಿನಗ ಹೆಚ್ಚು ಗೊತ್ತೈತಿ."

ಮಾವ ಎದ್ದು ಕೈ ತೊಳೆದರು. ಅತ್ತೆ ಈಗ ನನ್ನ ಕಡೆ ತಿರುಗಿದರು. "ನೋಡಿದಿ? ಅದಕ್ಕ ಬಾಯಿ ಬಿಡಬ್ಯಾಡ ಅಂದಿದ್ದೆ," ಎಂದರು. ಅಳಲಿಲ್ಲ, ಬೈಯಲಿಲ್ಲ. ಅಷ್ಟು ಸೋತ ದನಿ ನಾನು ಕೇಳಿರಲಿಲ್ಲ.

ನಾನು ಮಾವನ ಗಂಗಾಳ ಎತ್ತಿಕೊಂಡೆ. "ಇದನ್ನ ಏನ್ ಮಾಡ್ಲಿ ಹೇಳ್ರಿ ಅತ್ತಿ. ಕರುವಿಗೆ ಹಾಕ್ಲ್ಯಾ? ಬಾನಿ ರೂಢಿ ಐತಲ್ಲ ನಮಗ."

"ಪ್ರಸಾದ ಬಾನಿಗೆ ಹಾಕ್ತಾರೇನು? ಹುಚ್ಚಿ."

"ಮತ್ತ? ಉಣ್ಣವರು ಎದ್ದು ಹೋದ್ರು. ನಾ ಉಣ್ಣಾಕ ನನ್ನ ಕೊರಳು ಖಾಲಿ. ಚೆಲ್ತೇನಿ ಬಿಡ್ರಿ."

ಹಿತ್ತಲ ಬಾಗಿಲ ತನಕ ಹೋದೆ. "ತಾ ಇಲ್ಲಿ," ಎಂದರು ಅತ್ತೆ. ಗಂಗಾಳವನ್ನು ನನ್ನ ಕೈಯಿಂದ ಕಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಹುಗ್ಗಿಯನ್ನು ಬಹಳ ಹೊತ್ತು ನೋಡಿದರು. ಮೊದಲ ತುತ್ತು ನುಂಗಲು ಕಷ್ಟಪಟ್ಟರು, ಅಂಕಿತಾ ನೀರು ಕುಡಿಸಿದಳು. ಎರಡನೆಯದು ತಾನೇ ಇಳಿಯಿತು. ಕಡೆಗೆ ಗಂಗಾಳ ಬಳಿದು, ತೊಳೆದು, ಆ ನೀರನ್ನೂ ಕುಡಿದರು. ನಾನು ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ. ಮಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

ಅಯ್ಯನವರು ಬೇರೆ ಲಿಂಗ ಕೊಡುತ್ತೇನೆಂದರು. ನೋಡೋಣ ಎಂದರು ಅತ್ತೆ. ಇನ್ನೂ ನೋಡುತ್ತಲೇ ಇದ್ದಾರೆ. ಆದರೆ ಉಪವಾಸ ತಪ್ಪಿತು. ಅಂಕಿತಾ ಒಂದು ದಾರಿ ಮಾಡಿಕೊಂಡಿದ್ದಾಳೆ. ದಿನಾ ಒಂದೇ ಗಂಗಾಳಕ್ಕೆ ಇಬ್ಬರದೂ ಹಾಕಿಸಿಕೊಂಡು, ತನ್ನ ಹೊಸ ಲಿಂಗಕ್ಕೆ ಎಡೆ ತೋರಿಸಿ, ಅಜ್ಜಿಯನ್ನು ಕೂಗುತ್ತಾಳೆ: "ಬಾ ಅಜ್ಜಿ, ನನ್ನ ಕೈಲೆ ಆಗೂದಿಲ್ಲ, ಉಳಿತೈತಿ ನೋಡು." ಪ್ರಸಾದ ಉಳಿಯಬಾರದೆಂದು ಅತ್ತೆ ಬಂದು ಕೂಡುತ್ತಾರೆ. ಬಳೆಗಳು ಕೆಳಗಿಳಿಯುತ್ತಿವೆ. ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನನ್ನು ಬೈದರು ಕೂಡ. ಎಷ್ಟು ಸಮಾಧಾನವಾಯಿತೆಂದರೆ ತಿರುಗಿ ಬೈಯುವುದನ್ನೇ ಮರೆತೆ.

ಮಾವ ಮಾತ್ರ ಲಿಂಗಧಾರಣೆಯ ಮರುದಿನವೇ ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದರು. ತಾವೇ ಅನ್ನ ಮಾಡಿಕೊಳ್ಳುತ್ತಾರೆ. ಜೀವನದಲ್ಲಿ ಒಲೆ ಊದಿದವರಲ್ಲ; ತಳ ಹತ್ತುತ್ತದೆ, ಹೊಗೆ ಮನೆ ತುಂಬುತ್ತದೆ. ನಮ್ಮವರು ಒಮ್ಮೆ ಕೂಗಾಡಿದರು, ಒಮ್ಮೆ ಕಾಲು ಹಿಡಿದರು. "ಎಡಿ ಬಿಟ್ಟು ಎದ್ದಾವ ನಾ. ನನಗ ಯಾರೂ ನೀಡೂದು ಬ್ಯಾಡ," ಎಂದಷ್ಟೇ ಹೇಳಿ ಮಾವ ಒಲೆಯ ಕಡೆ ತಿರುಗಿದರು. ಅತ್ತೆ ಗೋಡೆಯ ಈಚೆಯಿಂದ ವಾಸನೆ ಹಿಡಿದು ನನಗೆ ಹೇಳುತ್ತಾರೆ: "ಅನ್ನಕ್ಕ ಉಪ್ಪು ಹಾಕಂಗಿಲ್ಲ ಅವರು, ಮರೀತಾರ. ಹೇಳಾಕ ಹೋಗು." ಹೇಳಲು ಹೋದರೆ ಅವರು ಮುಖ ಎತ್ತುವುದಿಲ್ಲ. ಅನ್ನ ಬಸಿದು ಗಂಗಾಳಕ್ಕೆ ಹಾಕಿಕೊಂಡು, ಇಲ್ಲಿ ಸೆಕೆ ಎಂದು ಹಿತ್ತಲಿಗೆ ನಡೆಯುತ್ತಾರೆ.

ಇದಾಗಿ ಕೆಲವು ವಾರ ಆದವು. ಇವತ್ತು ಗಿರಣಿಯಿಂದ ಬಂದು ಆಕಳಿಗೆ ಹುಲ್ಲು ಹಾಕುವಾಗ ಕರುವಿನ ಮೈ ಸವರಿದೆ. ಅತ್ತೆ ಉಣ್ಣತೊಡಗಿದ ಮೇಲೆ ಅದು ಇಳಿಯಬೇಕಿತ್ತು. ಇಳಿದಿಲ್ಲ, ಇನ್ನೂ ದುಂಡಗಾಗಿದೆ. ಬಾನಿಗೆ ಕೈ ಹಾಕಿದೆ. ಅನ್ನ ಇತ್ತು, ಇನ್ನೂ ಬೆಚ್ಚಗಿತ್ತು, ತಳ ಹತ್ತಿದ ವಾಸನೆ ಬರುತ್ತಿತ್ತು. ಎರಡು ಅಗುಳು ಬಾಯಿಗೆ ಹಾಕಿಕೊಂಡು ನೋಡಿದೆ. ಉಪ್ಪಿರಲಿಲ್ಲ.